ರೋಹಿಣಿ ಮಳೆಯಲ್ಲಿ ರಾಣಿಯ ರೀಲು

ನಮ್ಮ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಪರದೆ ಕಟ್ಟುವುದು, ಮಾತಾಡುವುದು ಆಮೇಲೆ. ಪ್ರಚಾರ ಖಾತೆಗೆ ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ. "ಸರ್, ನಿಮ್ಮ ಕಾಲದ್ದು ಸ್ವಲ್ಪ ಹೇಳ್ರಿ" ಎಂದು ತಾವೇ ಬಂದು ಕೂಡುತ್ತಾರೆ, ಚಹ ಕುಡಿಯುತ್ತಾರೆ, ಅರ್ಧ ಕೇಳಿ ಎದ್ದು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟೇನಿಲ್ಲ. ಕ್ಯಾಸೆಟ್ಟು ತೂರಿಸಿದರೆ ಚಿತ್ರ ತಾನಾಗಿ ಕನ್ನಡ ಮಾತಾಡುವ ಕಾಲ ಇದು. ಇಂಗ್ಲಿಷ್ ಚಿತ್ರಕ್ಕೆ ತನ್ನ ಬಾಯಿ ಎರವಲು ಕೊಡುತ್ತಿದ್ದವನ ಕತೆ ಅವರಿಗೇಕೆ ಬೇಕು? ಆದರೂ ಬರೆದಿಡುತ್ತೇನೆ. ಬಡ್ತಿ, ಬದಲಿ, ನಿವೃತ್ತಿಯ ದಿನ ಹಾಕಿದ ಹಾರ, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಅವು ಎಲ್ಲರಿಗೂ ಆಗುವಂಥವು. ಕೆಲಸ ಹೇಗಿತ್ತು ಎಂಬುದು ಅವುಗಳಲ್ಲಿ ಇರುವುದಿಲ್ಲ.

ಐವತ್ತರ ದಶಕದ ಮಾತು. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ. ಖಾತೆಗೆ ಒಂದು ಮೋಟಾರು ಗಾಡಿ ಇತ್ತು. ಅದರೊಳಗೆ ಚಿತ್ರ ಬಿಡುವ ಮಷೀನು, ಜನರೇಟರು, ಮೈಕು, ಊರಿಗೆಲ್ಲ ಕೇಳುವ ಭೋಂಗಾ, ಎರಡು ಬಿದಿರಿನ ಗಳ, ಒಂದು ಬಿಳಿ ಪರದೆ. ರೋಣ, ಗಜೇಂದ್ರಗಡ, ನರಗುಂದ ಮತ್ತು ಸುತ್ತಿನ ಹಳ್ಳಿಗಳ ಬಯಲಿನಲ್ಲಿ ಸಂಜೆ ಚಿತ್ರ ತೋರಿಸಬೇಕು. ಬಿತ್ತನೆಯ ಚಿತ್ರ, ಮಲೇರಿಯಾದ ಚಿತ್ರ, ಅಣೆಕಟ್ಟಿನ ಚಿತ್ರ. ಗಾಡಿ ನಡೆಸುವವರೂ ಮಷೀನು ನಡೆಸುವವರೂ ಒಬ್ಬರೇ, ಗಜೇಂದ್ರಗಡದ ಹುಸೇನಸಾಬರು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಾನು ವಿವರಣೆಗಾರ. ಸೂಡಿಯ ನೇಕಾರರ ಮಗ, ಮ್ಯಾಟ್ರಿಕ್ ಪಾಸಾದವನು, ಹುಬ್ಬಳ್ಳಿಯಾಚೆ ಏನನ್ನೂ ಕಾಣದವನು. ಚಿತ್ರದಲ್ಲಿ ಇಂಗ್ಲಿಷಿನವನು ಏನೋ ಹೇಳುತ್ತಿದ್ದರೆ ಅವನ ದನಿ ಇಳಿಸಿ, ಮೈಕು ಹಿಡಿದು, ಆಗುತ್ತಿರುವುದನ್ನು ನಮ್ಮ ಜನಕ್ಕೆ ತಿಳಿಯುವ ಹಾಗೆ ಹೇಳುವುದು ನನ್ನ ಕೆಲಸ.

ಪರದೆಯ ವಿಷಯ ಹೇಳಬೇಕು. ಮಷೀನಿನ ಕಡೆ, ಅಂದರೆ ಪರದೆಯ ಮುಂದೆ, ಗಂಡಸರು ಕೂಡುತ್ತಿದ್ದರು. ಪರದೆಯ ಹಿಂದೆ ಹೆಣ್ಣುಮಕ್ಕಳು. ಹೀಗೇ ಕೂಡಬೇಕೆಂದು ಖಾತೆ ಹೇಳಿರಲಿಲ್ಲ; ಊರೂರಿನಲ್ಲಿ ತಾನಾಗಿ ಹಾಗೆ ಆಗುತ್ತಿತ್ತು. ಬಟ್ಟೆ ತೆಳುವಾದ್ದರಿಂದ ಚಿತ್ರ ಹಿಂದಕ್ಕೂ ಅಷ್ಟೇ ಚೆನ್ನಾಗಿ ಮೂಡುತ್ತಿತ್ತು. ಒಂದೇ ವ್ಯತ್ಯಾಸವೆಂದರೆ ಹಿಂದಿನವರಿಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಎತ್ತಿನ ಚಿತ್ರಕ್ಕೆ ಎಡವೇನು, ಬಲವೇನು? ಬಹಳ ದಿನ ಯಾರೂ ಅದನ್ನು ಗಮನಿಸಲೂ ಇಲ್ಲ.

ಫಜೀತಿಗಳಿಗೆ ಕಡಿಮೆ ಇರಲಿಲ್ಲ. ಲಕ್ಕಲಕಟ್ಟಿಯಲ್ಲಿ ಒಮ್ಮೆ ಕಾಕಾ ಎರಡನೆಯ ರೀಲನ್ನು ಮೊದಲು ಹಾಕಿಬಿಟ್ಟರು. ರಾಶಿ ಮಾಡಿದ್ದು ಮೊದಲು, ಬಿತ್ತಿದ್ದು ಆಮೇಲೆ. ನಾನು ಬಾಯಿಪಾಠ ಮಾಡಿದ್ದನ್ನು ಚಿತ್ರದ ಕಡೆ ನೋಡದೆ ಹೇಳುತ್ತಾ ಹೋದೆ. ಚಿತ್ರದಲ್ಲಿ ಚೀಲ ತುಂಬುತ್ತಿದ್ದಾರೆ, ನಾನು "ಈಗ ಬೀಜಕ್ಕೆ ಔಷಧ ಹಚ್ಚಬೇಕು" ಎನ್ನುತ್ತಿದ್ದೇನೆ. ಮುಂದೆ ಕುಳಿತಿದ್ದ ಒಬ್ಬ ರೈತ ಬಹಳ ಗಂಭೀರವಾಗಿ, "ಈ ಪದ್ಧತಿ ಚಲೋ ಐತ್ರಿ, ಮೊದಲ ಚೀಲ ತುಂಬಿಸಿಕೊಡ್ರಿ, ಬಿತ್ತೂದು ಆಮ್ಯಾಲ ನೋಡೂಣು" ಎಂದ. ಇಡೀ ಬಯಲು ನಕ್ಕಿತು. ಅಂದಿನಿಂದ ನಾನು ಬಾಯಿಪಾಠ ಬಿಟ್ಟು ಪರದೆ ನೋಡಿ ಮಾತಾಡುವುದನ್ನು ಕಲಿತೆ.

ಆದರೆ ಪರದೆ ನೋಡಿ ಮಾತಾಡುವುದಕ್ಕೆ ನಮ್ಮ ದೇಶಪಾಂಡೆ ಸಾಹೇಬರ ಒಪ್ಪಿಗೆ ಇರಲಿಲ್ಲ. ಅವರು ಖಾತೆಯ ಅಧಿಕಾರಿ. ತರುಣರಿದ್ದಾಗ ಕೆಲವು ವರ್ಷ ಲಂಡನ್ನಿನಲ್ಲಿ ಓದಿ ಬಂದವರು, ರೋಣದ ಬಿಸಿಲಿನಲ್ಲೂ ಕೋಟು ತೆಗೆಯದವರು. ಮನುಷ್ಯ ಒಳ್ಳೆಯವರೇ, ಆದರೆ ಮಾತಿನ ವಿಷಯದಲ್ಲಿ ಭಾರೀ ಬಿಗಿ. ಅದಕ್ಕೂ ಕಾರಣವಿತ್ತು. ನನಗಿಂತ ಮೊದಲು ಇದ್ದ ವಿವರಣೆಗಾರ ಮಲೇರಿಯಾ ಚಿತ್ರದ ನಡುವೆ, ಇಂಥ ಗಟಾರು ನಮ್ಮ ಇಂಥ ದೊಡ್ಡವರ ಮನೆಯ ಮುಂದೆಯೂ ಇದೆ ಎಂದು ಭೋಂಗಾದಲ್ಲಿ ಹೇಳಿ, ನೌಕರಿ ಕಳೆದುಕೊಂಡು ಮನೆಗೆ ಹೋಗಿದ್ದ. ನಾನು ಸೇರಿದ ದಿನವೇ ಸಾಹೇಬರು ಹೇಳಿದರು.

"ಕಾಗದದಾಗ ಏನು ಅದ, ಅಷ್ಟ ಓದಬೇಕು. ಒಂದು ಶಬ್ದ ಹೆಚ್ಚಿಗಿ ಇಲ್ಲ, ಒಂದು ಶಬ್ದ ಕಡಿಮಿ ಇಲ್ಲ. ತಿಳೀತೇನು ಚನ್ನಪ್ಪ?"

"ತಿಳೀತ್ರಿ ಸಾಹೇಬ್ರ" ಎಂದೆ. ತಿಳಿಯದೆ ಏನು ಮಾಡುವುದು? ನಾನು ಹಂಗಾಮಿ ನೌಕರ. ಕಾಯಂ ಮಾಡುವುದು ಬಿಡುವುದು ಸಾಹೇಬರ ಒಂದು ಮಾತಿನ ಮೇಲಿತ್ತು. ಆ ಮಾತಿನ ಮೇಲೆ ನೌಕರಿಗಿಂತ ದೊಡ್ಡದೊಂದು ಸಂಗತಿಯೂ ನಿಂತಿತ್ತು. ಗಜೇಂದ್ರಗಡದಲ್ಲಿ ಮಲ್ಲೇಶಪ್ಪ ಎಂಬ ನೇಕಾರರು, ನಮ್ಮ ದೂರದ ಸಂಬಂಧಿಕರು. ಅವರ ಮಗಳು ಶಾಂತಾಳನ್ನು ನನಗೆ ಕೊಡುವ ಮಾತಾಗಿತ್ತು. ಅರ್ಧ ಮಾತಾಗಿತ್ತು ಎನ್ನಬೇಕು. ಉಳಿದರ್ಧವನ್ನು ಮಲ್ಲೇಶಪ್ಪನವರು ಮಗ್ಗದ ಕುಣಿಯಲ್ಲಿ ಕುಳಿತೇ, ಲಾಳಿ ನಿಲ್ಲಿಸದೆ, ನನ್ನ ಮುಖಕ್ಕೆ ಹೇಳಿದ್ದರು.

"ಹಂಗಾಮಿ ನೌಕರಗ ಕಾಯಂ ಹೆಣ್ಣ ಹ್ಯಾಂಗ ಕೊಡೂದೋ ತಮ್ಮಾ? ನಿನ್ನ ಸರಕಾರ ನಿನ್ನ ನಂಬಲಿ, ಆಮ್ಯಾಲ ನಾ ನಂಬತೀನಿ."

ಈ ಮಾತು ನನಗೆ ಚುಚ್ಚಿತ್ತು. ಶಾಂತಾಳ ಮೇಲೆ ನನಗೆ ಎಷ್ಟು ಮನಸ್ಸಿತ್ತೆಂದರೆ, ಮೈಕು ಹಿಡಿದಾಗಲೆಲ್ಲ ಸಾಹೇಬರ ಮುಖ ಮೊದಲು ನೆನಪಾಗುತ್ತಿತ್ತು, ಅದರ ಹಿಂದೆಯೇ ಅವಳ ಮುಖ.

ಇಂಗ್ಲೆಂಡಿನ ರಾಣಿಗೆ ಪಟ್ಟವಾದ ಮರುವರ್ಷ, ಮೇ ತಿಂಗಳ ಕೊನೆಗೆ, ಆ ಪಟ್ಟಾಭಿಷೇಕದ ರೀಲು ನಮ್ಮ ಗಾಡಿಗೆ ಬಂತು. ಮುಂಬಯಿಯಿಂದ ಯಾರೋ ಎರವಲು ಕೊಟ್ಟದ್ದು, ವಾರದಲ್ಲಿ ಮರಳಿಸಬೇಕು. ಸಾಹೇಬರಿಗೆ ಹಿಗ್ಗೋ ಹಿಗ್ಗು. ಆ ರೀಲಿನ ಬೀದಿಗಳಲ್ಲಿ ಅವರು ಓಡಾಡಿದ್ದರು. ಪಟ್ಟಾಭಿಷೇಕ ನಡೆದದ್ದು ಜೂನ್ ಎರಡಕ್ಕೆ. ಅದೇ ವಾರದಲ್ಲಿ ಬ್ರಿಟನ್ನಿನ ಇತಿಹಾಸದಲ್ಲಿ ಬೇರೆ ಏನೇನು ದೊಡ್ಡ ಸಂಗತಿ ನಡೆದಿವೆ ಎಂದು ಪುಸ್ತಕ ತಿರುವಿ ತಿರುವಿ ಒಂದು ಭಾಷಣ ಬರೆದರು. ಚಿತ್ರಕ್ಕೆ ಮೊದಲು ಅದನ್ನು ನಾನು ಓದಬೇಕು. ಹಳೆಯ ಕಾಲದಲ್ಲಿ ದೇಶ ಬಿಟ್ಟು ಓಡಿದ್ದ ರಾಜನೊಬ್ಬ ಲಂಡನ್ನಿಗೆ ಮರಳಿದ್ದು ಮೇ ಇಪ್ಪತ್ತೊಂಬತ್ತಕ್ಕೆ. ಮೊದಲ ಮಹಾಯುದ್ಧದಲ್ಲಿ ಜರ್ಮನರ ಹಡಗುಗಳೊಡನೆ ಭಾರೀ ಕಾಳಗ ಶುರುವಾದದ್ದು ಮೇ ತಿಂಗಳ ಕೊನೆಯ ದಿನ. ಅದಕ್ಕೂ ಹಿಂದೆ ಫ್ರೆಂಚರೊಡನೆ ಸಮುದ್ರದಲ್ಲಿ ಬಡಿದಾಡಿದ್ದು ಜೂನ್ ಒಂದಕ್ಕೆ. ಇನ್ನು ಪಟ್ಟಾಭಿಷೇಕದ ದಿನ ಮುಂಜಾನೆಯೇ, ಜಗತ್ತಿನ ಎಲ್ಲಕ್ಕಿಂತ ಎತ್ತರದ ಶಿಖರವನ್ನು ಹತ್ತಿದರೆಂಬ ಸುದ್ದಿ ಲಂಡನ್ನಿಗೆ ಮುಟ್ಟಿತ್ತು. ಎಲ್ಲವೂ ಒಂದೇ ವಾರದಲ್ಲಿ. ಸಾಹೇಬರಿಗೆ ಅದೊಂದು ಪವಾಡದ ಹಾಗೆ ಕಂಡಿತ್ತು.

ಮೊದಲ ಆಟ ರೋಣದಲ್ಲಿ. ಸಾಹೇಬರು ಮುಂದೆಯೇ ಕುರ್ಚಿ ಹಾಕಿಸಿ ಕುಳಿತರು. ನಾನು ಕಾಗದ ಹಿಡಿದು ಒಂದು ಶಬ್ದ ಬಿಡದೆ ಓದಿದೆ. "ಐತಿಹಾಸಿಕ", "ಅಭೂತಪೂರ್ವ", "ರಾಜ್ಯಾರೋಹಣ." ಜನ ಕೆಮ್ಮಿದರು, ಎಲೆ ಅಡಿಕೆ ಹಾಕಿಕೊಂಡರು, ಮಕ್ಕಳನ್ನು ಗದರಿಸಿದರು. ನಡುವೆ ರುಮಾಲಿನ ಒಬ್ಬ ರೈತ ಎದ್ದು ನಿಂತು ವಿನಯದಿಂದಲೇ ಕೇಳಿದ.

"ತಮ್ಮಾ, ಮೇ ಇಪ್ಪತ್ತೊಂಬತ್ತು ಅಂದ್ರ ಯಾವ ಮಳಿಯಾಗ ಬರತೈತಿ?"

ಸಾಹೇಬರು ಹಿಂತಿರುಗಿ ನೋಡಿದರು. ಅವನು ಕುಳಿತ. ನಾನು ಮುಂದೆ ಓದಿದೆ. ಚಿತ್ರ ಮುಗಿದ ಮೇಲೆ ಸಾಹೇಬರು ನನ್ನ ಬೆನ್ನು ತಟ್ಟಿ, "ಶಾಬಾಸ್, ಹಿಂಗ ಓದಬೇಕು ನೋಡು" ಎಂದು ಹೋದರು. ಪರದೆ ಮಡಚುತ್ತಾ ಹುಸೇನ ಕಾಕಾ ಮಾತ್ರ ಸುಮ್ಮನಿರಲಿಲ್ಲ.

"ಆ ಮನಶ್ಯಾ ಖರೇ ಕೇಳಿದ್ನಪಾ. ಮೇ ಜೂನ್ ಅಂದ್ರ ಕಚೇರಿ ಮಂದಿಗೆ ಗೊತ್ತು. ಹೊಲದಾಗ ದುಡಿಯವ್ರಿಗೆ ಮಳಿ ಹೆಸರು ಹೇಳಿದ್ರ ತಿಳೀತೈತಿ. ಈಗ ಯಾವ ಮಳಿ ನಡದೈತಿ? ರೋಹಿಣಿ. ಅಷ್ಟ ಹೇಳಿಬಿಡು."

ಅವರು ಹೇಳಿದ್ದು ಸರಿ. ನಮ್ಮ ಕಡೆ ಬಿತ್ತುವವರ ವರ್ಷ ಮಳೆಗಳ ಮೇಲೆ ನಡೆಯುತ್ತದೆ. ಪ್ರತಿ ವರ್ಷ ರೋಹಿಣಿ ಮಳೆ ಕೂಡುವುದು ಮೇ ಕೊನೆಗೆ, ಜೂನ್ ಮೊದಲ ವಾರ ದಾಟಿತೆಂದರೆ ಮಿರಗ, ಅಂದರೆ ಮೃಗಶಿರಾ ಮಳೆ. ಸಾಹೇಬರ ಇಂಗ್ಲಿಷ್ ವಾರ ಪೂರ್ತಿ ರೋಹಿಣಿ ಮಳೆಯ ಹೊಟ್ಟೆಯೊಳಗೇ ಇತ್ತು. ಒಂದು ಶಬ್ದ ಹೆಚ್ಚಿಗೆ ಆದೀತು, ನಿಜ. ಆದರೆ ಮುಂದಿನ ಆಟ ಗಜೇಂದ್ರಗಡದಲ್ಲಿ. ಸಾಹೇಬರು ಬರುವುದಿಲ್ಲ, ಶಾಂತಾ ಬರುತ್ತಾಳೆ. ಅವಳ ಮುಂದೆ ಕೆಮ್ಮಿಸಿಕೊಳ್ಳುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಗಜೇಂದ್ರಗಡದಲ್ಲಿ ಕಾಗದ ಕೈಯಲ್ಲೇ ಇತ್ತು, ಕಣ್ಣು ಮಾತ್ರ ಜನರ ಮೇಲೆ. "ನೋಡ್ರಿ, ಈಗ ನಡದೈತಲ್ಲ ರೋಹಿಣಿ ಮಳಿ, ಇದರಾಗನ ಇಂಗ್ಲೆಂಡಿನಾಗ ಏನೇನು ಆಗೇದ ಹೇಳತೀನಿ" ಎಂದು ಶುರು ಮಾಡಿದೆ. ಬಯಲು ಒಮ್ಮೆಲೇ ಕಿವಿಗೊಟ್ಟಿತು. ವೈರಿಗಳ ಕೈಗೆ ಸಿಗದ ಹಾಗೆ ಮರ ಏರಿ ಕುಳಿತಿದ್ದ ರಾಜ ಕೊನೆಗೆ ರೋಹಿಣಿ ಮಳೆಯಲ್ಲಿ ಊರಿಗೆ ಬಂದ ಎಂದಾಗ ಎಲ್ಲರಿಗೂ ಸಮಾಧಾನವಾಯಿತು. ಜರ್ಮನರ ಕಾಳಗದಲ್ಲಿ ಗೆದ್ದವರು ನಾವೇ ಎಂದು ಎರಡೂ ಕಡೆಯವರು ಹೇಳಿಕೊಂಡರು ಎಂದೆ. "ನಮ್ಮೂರ ಕುಸ್ತಿ ಆದಂಗಾತು" ಎಂದು ಯಾರೋ ಅಂದರು. ಶಿಖರ ಹತ್ತಿದ ಇಬ್ಬರಲ್ಲಿ ಒಬ್ಬ ಹಿಮಾಲಯದ ಶೆರ್ಪಾ ಎಂದಾಗ ಚಪ್ಪಾಳೆ. ಚಿತ್ರ ಶುರುವಾಯಿತು. ಲಂಡನ್ನಿನ ಬೀದಿಯಲ್ಲಿ ಮಳೆ ಸುರಿಯುತ್ತಿತ್ತು. ಆ ದಿನ ನಿಜವಾಗಿಯೂ ಅಲ್ಲಿ ಮಳೆ ಬಂದಿತ್ತು. ಜನ ಕೊಡೆ ಹಿಡಿದು ನಿಂತಿದ್ದರು.

"ಅಲ್ಲೂ ರೋಹಿಣಿ ಬಂದಾಳಲೇ" ಎಂದು ಒಬ್ಬ ಮುದುಕ ಕೂಗಿದ. ನಗು ಪರದೆಯ ಎರಡೂ ಕಡೆಯಿಂದ ಬಂತು. ಪರದೆಯ ಹಿಂದಿನ ನಗುವಿನಲ್ಲಿ ಶಾಂತಾಳದು ಯಾವುದೆಂದು ನಾನು ಹುಡುಕಿದೆ. ಅಂದು ನನ್ನ ಕೆಲಸ ನನಗೆ ಬಹಳ ಚಂದ ಕಂಡಿತು.

ಮರುದಿನ ಮುಂಜಾನೆ ಮಲ್ಲೇಶಪ್ಪನವರ ಮನೆಗೆ ಹೋದರೆ ಮಗ್ಗ ನಿಂತಿತ್ತು. ಗಂಡಹೆಂಡಿರ ನಡುವೆ ಜಗಳ. ಓಣಿಯಲ್ಲೆಲ್ಲ ಅದೇ ಜಗಳವಂತೆ. ಪಟ್ಟ ಮುಗಿಸಿ ಹೊರಬರುವಾಗ ರಾಣಿ ರಾಜದಂಡವನ್ನು ಯಾವ ಕೈಯಲ್ಲಿ ಹಿಡಿದಳು?

"ಎಡಗೈಲೆ ಹಿಡದ್ಲು. ನಾ ಕಣ್ಣಾರೆ ನೋಡೇನಿ" ಎಂದರು ಶಾಂತಾಳ ತಾಯಿ. "ಅಂಥಾ ಶುಭ ಕಾರ್ಯದಾಗ ಎಡಗೈ. ಹೇಳಾಕ ಹಿರ್ಯಾರು ಯಾರೂ ಇರಲಿಲ್ಲೇನು ಆಕಿಗೆ?"

"ಬಲಗೈ" ಎಂದರು ಮಲ್ಲೇಶಪ್ಪ. "ಚನ್ನಪ್ಪ, ನೀ ಹೇಳು. ನೀನ ತೋರಿಸಿದಾಂವ."

ಮಾವ ಆಗಬೇಕಾದವರು ಒಂದು ಕಡೆ, ಅತ್ತೆ ಆಗಬೇಕಾದವರು ಇನ್ನೊಂದು ಕಡೆ. ಬಾಗಿಲ ಮರೆಯಲ್ಲಿ ಶಾಂತಾಳ ಬಳೆ ಸದ್ದು. ನಾನು ಯಾರ ಹೆಸರನ್ನೂ ಎತ್ತದೆ, ಅಲ್ಲೇ ಗಳದ ಮೇಲಿದ್ದ ಹೊಸ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದೆ. "ನೀವು ಈ ಕಡೆ ನಿಂದ್ರಿ ಕಾಕಾರ, ಕಾಕೂ ಆ ಕಡೆ ನಿಲ್ಲಲಿ. ಈ ತೆನಿ ಚಿತ್ತಾರ ಯಾವ ಬಾಜು ಐತಿ ಹೇಳ್ರಿ" ಎಂದೆ. ಅವರಿಗೆ ಎಡಕ್ಕಿದ್ದದ್ದು ಇವರಿಗೆ ಬಲಕ್ಕಿತ್ತು. ಮಲ್ಲೇಶಪ್ಪನವರಿಗೆ ಕ್ಷಣದಲ್ಲಿ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂದ್ರ ಹೆಣ್ಮಕ್ಕಳು ಬಟ್ಟಿ ಬೆನ್ನು ನೋಡ್ಯಾರ. ಮಕ ನೋಡಿದವ್ರು ನಾವು."

ಬಾಗಿಲ ಮರೆಯಿಂದ ಶಾಂತಾ ಮೆಲ್ಲಗೆ ಅಂದಳು. "ಬೆನ್ನಾದ್ರೇನಪ್ಪಾ, ನೂಲು ಅದ ಅಲ್ಲೇನು?"

ಮಲ್ಲೇಶಪ್ಪನವರು ನಗುವುದನ್ನು ನಿಲ್ಲಿಸಿ ಮಗಳ ಕಡೆ ನೋಡಿದರು. ನನಗೆ ಹೆಮ್ಮೆಯಾಯಿತು, ಇನ್ನೂ ನನ್ನವಳಾಗದಿದ್ದರೂ. ಹೊರಡುವಾಗ ಮಲ್ಲೇಶಪ್ಪನವರು, "ಕಾಯಂ ಯಾವಾಗ?" ಎಂದು ಮತ್ತೆ ಕೇಳಿದರು. ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು.

ನರಗುಂದಕ್ಕೆ ಹೋದದ್ದು ಜೂನ್ ಎರಡಕ್ಕೇ. ಪಟ್ಟಾಭಿಷೇಕದ ದಿನಕ್ಕೆ ಸರಿಯಾಗಿ ದೊಡ್ಡ ಊರಿನಲ್ಲಿ ಆಟ ಇರಲಿ ಎಂದು ಸಾಹೇಬರೇ ಗೊತ್ತು ಮಾಡಿದ್ದರು. ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ಗುಡ್ಡದ ಕೆಳಗಿನ ಬಯಲಿನಲ್ಲಿ ಪರದೆ ಕಟ್ಟಿದೆವು. ಪರದೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆಯ ಗೋಡೆ. ಇಷ್ಟು ಜನ ನಮ್ಮ ಯಾವ ಆಟಕ್ಕೂ ಬಂದಿರಲಿಲ್ಲ. ಗಜೇಂದ್ರಗಡದ ಹುರುಪಿನಲ್ಲಿ ನಾನು ಅಲ್ಲಿ ಹೇಳಿದ್ದನ್ನೇ ಹೇಳಿದೆ: "ಈಗ ನಡದೈತಲ್ಲ ರೋಹಿಣಿ ಮಳಿ, ಇದರಾಗನ ಇಂಗ್ಲೆಂಡಿನಾಗ ಏನೇನು ದೊಡ್ಡ ದೊಡ್ಡ ಸಂಗತಿ ಆಗ್ಯಾವ ಕೇಳ್ರಿ."

ಯಾರೂ ನಗಲಿಲ್ಲ, ಕೆಮ್ಮಲೂ ಇಲ್ಲ. ಮರ ಏರಿದ ರಾಜ ಬಂದ, ಹೋದ. ಹಡಗುಗಳು ಮುಳುಗಿದವು. ಜನ ಗೋಡೆಯ ಹಾಗೆ ಕುಳಿತಿದ್ದರು. ಆಮೇಲೆ ಪರದೆಯ ಹಿಂದಿನಿಂದ, ಹೆಣ್ಣುಮಕ್ಕಳ ಕಡೆಯಿಂದ, ಒಂದು ಮುದಿ ದನಿ ಬಂತು.

"ಏ ತಮ್ಮಾ, ರೋಹಿಣಿ ಮಳಿಯಾಗ ಅಲ್ಲೇನಾತು ಅದನ್ನ ಹೇಳಿದಿ. ಇಲ್ಲೇನಾತು ಅದನ್ನೂ ಹೇಳು."

ಆಗ ನನಗೆ ನೆನಪಾಯಿತು. ಹದಿನೆಂಟುನೂರಾ ಐವತ್ತೆಂಟರಲ್ಲಿ ನರಗುಂದದ ಅರಸರು ಇಂಗ್ಲಿಷರ ಮೇಲೆ ಎದ್ದದ್ದು, ದಂಡು ಬಂದು ಊರು ಹೊಕ್ಕು ಕೋಟೆ ಹಿಡಿದದ್ದು, ಇದನ್ನೆಲ್ಲ ನಾನೂ ಸಾಲೆಯಲ್ಲಿ ಓದಿದ್ದೆ. ಆ ದಂಡು ಬಂದದ್ದು ಜೂನ್ ತಿಂಗಳ ಮೊದಲ ಎರಡು ದಿನಗಳಲ್ಲೇ ಎಂಬುದು ತಲೆಯಲ್ಲಿ ಉಳಿದಿರಲಿಲ್ಲ. ಆ ಊರವರಿಗೂ ತಾರೀಖು ಗೊತ್ತಿತ್ತೋ ಇಲ್ಲವೋ. ಆದರೆ ಮಳೆಯ ಹೆಸರು ಗೊತ್ತಿತ್ತು. ಆ ಹೆಸರನ್ನು ಭೋಂಗಾದಲ್ಲಿ ಕೂಗಿದವನು ನಾನೇ. ಬರೀ ಕಾಗದ ಓದಿದ್ದರೆ ರೋಣದವರ ಹಾಗೆ ಇವರೂ ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

"ಇಲ್ಲೀದು ಕಾಗದದಾಗ ಇಲ್ಲವ್ವ" ಎಂದೆ.

"ಕಾಗದದಾಗ ಇಲ್ಲಂತ ನನಗೂ ಗೊತ್ತೈತಿ. ಅದಕ್ಕ ಕೇಳಾಕತ್ತೇನಿ."

ಹುಸೇನ ಕಾಕಾ ಮಷೀನು ಚಾಲೂ ಮಾಡಿದರು, ಚಿತ್ರ ನೋಡಿದರೆ ಜನ ಮರೆತಾರು ಎಂದು. ಪರದೆಯ ಮೇಲೆ ಬೆಳಕು ಬಿತ್ತು. ಆಗ ಮುಂದಿನ ಸಾಲಿನ ನಾಲ್ಕಾರು ಗಂಡಸರು, ಸಿಟ್ಟು ಸೆಡವು ಏನೂ ತೋರಿಸದೆ, ಮೆಲ್ಲಗೆ ಎದ್ದು ಬೆಳಕಿಗೆ ಅಡ್ಡ ನಿಂತರು. ರಾಣಿಯ ರಥದ ಮೇಲೆ ಅವರ ರುಮಾಲುಗಳ ನೆರಳು ಬಿತ್ತು. ಯಾರೂ ಬಯ್ಯಲಿಲ್ಲ, ಕಲ್ಲು ಎತ್ತಲಿಲ್ಲ. ಸುಮ್ಮನೆ ನಿಂತರು. ಕಾಕಾ ಮಷೀನು ನಿಲ್ಲಿಸಿ ನನ್ನ ಕಿವಿಯಲ್ಲಿ, "ಪರದಿ ಬಿಚ್ಚೂನೇನು?" ಎಂದರು.

ಅಷ್ಟರಲ್ಲಿ ಹೆಣ್ಣುಮಕ್ಕಳ ಹಿಂದಿನ ರಸ್ತೆಯಲ್ಲಿ ಜೀಪಿನ ದೀಪ ಕಂಡು, ನಿಂತು, ಆರಿತು. ಆ ಜೀಪಿನ ಸದ್ದು ನನಗೆ ಗೊತ್ತಿತ್ತು. ಸಾಹೇಬರು.

ಪರದೆ ಬಿಚ್ಚಿದರೆ, ಜೂನ್ ಎರಡರ ಆಟ ಕೆಡಿಸಿದವನು ನಾನು. ಹಟ ಹಿಡಿದು ಕಾಗದ ಓದಿದರೆ, ಏನಾದೀತೋ ಹೇಳಲಿಕ್ಕಾಗದು. ಮುದುಕಿಗೆ ಮೈಕು ಕೊಟ್ಟರೆ ಒಂದು ಶಬ್ದವಲ್ಲ, ಒಂದು ರಾಶಿ ಶಬ್ದ ಹೆಚ್ಚಾಗುತ್ತದೆ, ಅದೂ ಸಾಹೇಬರ ಕಿವಿಯ ಮೇಲೆಯೇ. ಅಲ್ಲಿಗೆ ನೌಕರಿಯೂ ಹೋಯಿತು, ಶಾಂತಾಳೂ ಹೋದಳು. ಇದನ್ನೆಲ್ಲ ಎಣಿಸುತ್ತಿದ್ದವನಿಗೆ ಯಾಕೋ ಬಾಗಿಲ ಮರೆಯ ಆ ಮಾತು ನೆನಪಾಯಿತು. ಬೆನ್ನಾದರೇನು, ನೂಲು ಅದೇ ಅಲ್ಲವೇ. ಶಾಂತಾಳನ್ನು ಕಳೆದುಕೊಳ್ಳುವ ಕೆಲಸಕ್ಕೆ ಶಾಂತಾಳ ಮಾತೇ ನನ್ನನ್ನು ದೂಡಿತು. ಮೈಕು ಹಿಡಿದು ಪರದೆಯ ಹಿಂದಕ್ಕೆ ನಡೆದೆ.

ಮೈಕಿನ ವಾಯರು ಅಲ್ಲಿಯವರೆಗೆ ಸಾಲಲಿಲ್ಲ. ಕೊನೆಗೆ ಮುದುಕಿಯೇ ಎದ್ದು, ಸೊಸೆಯ ಹೆಗಲು ಹಿಡಿದು, ಪರದೆಯ ಬದಿಯಿಂದ ಗಂಡಸರ ಕಡೆ ಬಂದಳು. ಗಂಡಸರು ದಾರಿ ಬಿಟ್ಟರು. ನಿಂಬೆವ್ವ ಎಂದು ಹೆಸರು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ನಾನು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು ಕೇಳಿದೆ.

"ಏನಾತವ್ವ, ಹೇಳ್ರಿ."

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ನಾನು ಏನೋ ತಪ್ಪು ಕೇಳಿದೆನೇನೋ ಎನ್ನಿಸಿತು. ಆಮೇಲೆ ಮಾತು ಬಂತು.

"ನಮ್ಮವ್ವನ ಅವ್ವ, ನಮ್ಮಮ್ಮ, ಒಲಿ ಮುಂದ ಕುಂತಿದ್ಲಂತ. ಬ್ಯಾಳಿ ಕುದ್ದಿತ್ತು, ಒಗ್ಗರಣಿ ಹಾಕಬೇಕು. ಬೋಗಾಣಿ ಇನ್ನೂ ಒಲಿ ಮ್ಯಾಲ ಇಟ್ಟಿಲ್ಲ, ಚಟಚಟ ಸಾಸಿವಿ ಸಿಡಿದ ಸಪ್ಪಳ ಬಂತಂತ. ಇದ್ಯಾಕ ಹಿಂಗ ಅಂತ ನೋಡಿದ್ಲು. ಅದು ಸಾಸಿವಿ ಅಲ್ಲ, ಊರ ಹೊರಗ ಬಂದೂಕು. ನಮ್ಮಜ್ಜ ಮನ್ಯಾಗಿದ್ದ ಒಂದು ಕತ್ತಿ ತಗೊಂಡು ಹ್ವಾದ. ಉಣ್ಣಾಕ ಬರತೀನಿ ಅಂದು ಹ್ವಾದ. ಬರಲಿಲ್ಲ. ದಂಡು ಊರು ಹೊಕ್ತು. ನಮ್ಮಮ್ಮ ಕೂಸಿನ ಬೆನ್ನಿಗೆ ಕಟ್ಟಿಗೊಂಡು ಯಾವಗಲ್ಲ ಊರಿನ ದಾರಿ ಹಿಡದ್ಲು. ಆ ಕೂಸನ ನಮ್ಮವ್ವ."

ಭೋಂಗಾದಲ್ಲಿ ಅವಳ ಉಸಿರೂ ಕೇಳುತ್ತಿತ್ತು.

"ಆಮ್ಯಾಲ ಸರಕಾರದವ್ರು ಬಂದ್ರು. ಕಂದಾಯ ಕೇಳಿದ್ರು. ಮನ್ಯಾಗ ಎಷ್ಟು ಮಂದಿ ಅಂತ ಕೇಳಿದ್ರು. ಮೈಲಿ ಬರಬಾರದಂತ ದೇವಿ ಹಾಕಿಸಿರೇನು ಅಂತ ಕೇಳಿದ್ರು. ಇಲ್ಲೇನಾತವ್ವ ಅಂತ ಒಬ್ಬಾಂವನೂ ಕೇಳಲಿಲ್ಲ. ಸರಕಾರದಾಂವ ಬಂದು ಆ ಮಾತು ಕೇಳೂತನಕ ರೋಹಿಣಿ ಮಳಿ ನಡದಾಗ ನಮ್ಮ ಮನ್ಯಾಗ ಸಾಸಿವಿ ಸಿಡೀಬಾರದು ಅಂತ ನಮ್ಮಮ್ಮ ಹೇಳಿ ಸತ್ಲು. ನಮ್ಮವ್ವ ಹಂಗ ನಡದ್ಲು. ನಾನೂ ಹಂಗ ನಡದೇನಿ. ನನ್ನ ಸೊಸಿಗೂ ಹಂಗ ಹೇಳೇನಿ. ಇಷ್ಟ. ಇನ್ನ ನಿನ್ನ ರಾಣಿನ ತೋರಸು, ನೋಡೂಣು."

ಅಡ್ಡ ನಿಂತಿದ್ದವರು ಬಂದ ಹಾಗೆಯೇ ಮೆಲ್ಲಗೆ ಹೋಗಿ ಕುಳಿತರು. ಚಿತ್ರ ಶುರುವಾಯಿತು. ನರಗುಂದದವರು ರಾಣಿಯ ರಥವನ್ನೂ ಕುದುರೆಗಳನ್ನೂ ಲಂಡನ್ನಿನ ಮಳೆಯನ್ನೂ ಕೊನೆಯವರೆಗೆ ನೋಡಿದರು. ಕುದುರೆ ಕಂಡಾಗ ಮಕ್ಕಳು ಕೇಕೆ ಹಾಕಿದವು. ನಾನು ಏನು ಹೇಳಿದೆನೋ ನೆನಪಿಲ್ಲ. ನನ್ನ ಕಣ್ಣು ಪರದೆಯ ಆಚೆಯ ಜೀಪಿನ ಮೇಲಿತ್ತು.

ಚಿತ್ರ ಮುಗಿದು ಜನ ಏಳುವಾಗ ಸಾಹೇಬರು ಹೆಣ್ಣುಮಕ್ಕಳ ಕಡೆಯಿಂದಲೇ ನಡೆದು ಬಂದರು. ಕೋಟು ತೋಳಿನ ಮೇಲಿತ್ತು. ಅವರು ಕೋಟು ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಚನ್ನಪ್ಪ, ರೋಹಿಣಿ ಮಳಿ ಅಂತ ಕಾಗದದಾಗ ಇತ್ತೇನು?"

"ಇಲ್ರಿ ಸಾಹೇಬ್ರ."

"ಆ ಮುದುಕಿ ಇದ್ಲೇನು?"

"ಇಲ್ರಿ."

ಅವರು ನನ್ನ ಕೈಯಿಂದ ಆ ಕಾಗದ ತೆಗೆದುಕೊಂಡು ಮಷೀನಿನ ಬೆಳಕಿಗೆ ಹಿಡಿದು ನೋಡಿದರು. ಹರಿದುಹಾಕುತ್ತಾರೆ ಎಂದುಕೊಂಡೆ. ಹರಿಯಲಿಲ್ಲ.

"ಬ್ರಿಟಿಷ್ ಇತಿಹಾಸದ ವಾರ ಅಂತ ನಾಕು ಪುಸ್ತಕ ತಗದು ಹುಡುಕೀನಿ. ಇದೂ ಬ್ರಿಟಿಷ್ ಇತಿಹಾಸನ ಅಲ್ಲೇನು? ನನ್ನ ಜಿಲ್ಲಾದಾಗ, ನನ್ನ ಕಣ್ಣ ಮುಂದ ಅದ. ನಾನ ಬಿಟ್ಟೀನಿ." ಕಾಗದದಿಂದ ಕಣ್ಣೆತ್ತಿ ಅಂದರು. "ಇವತ್ತು ಹಿಂದಿನ ಕಡಿಂದ ನೋಡಿದೆ. ರಾಣಿ ರಾಜದಂಡ ಎಡಗೈಲೆ ಹಿಡಿದಿದ್ಲು."

ಇದು ಬಯ್ಗುಳವೋ ಅಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅಷ್ಟರಲ್ಲಿ ನಿಂಬೆವ್ವನ ಸೊಸೆ ಬಂದು, "ಅತ್ತಿ ಕರ್ಯಾಕತ್ತಾರ್ರಿ, ಉಂಡು ಹೋಗಬೇಕಂತ" ಎಂದಳು. ಆಟ ಆದ ಊರಿನಲ್ಲಿ ಯಾರದಾದರೂ ಮನೆಯಲ್ಲಿ ನಮ್ಮ ಊಟವಾಗುತ್ತಿತ್ತು, ಅದು ಹೊಸದಲ್ಲ. ಸಾಹೇಬರು ಬಂದದ್ದು ಹೊಸದು. ಮೂವರೂ ನಿಂಬೆವ್ವನ ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ಒಳಗೆ ರೊಟ್ಟಿ ಬಡಿಯುವ ಸದ್ದು. ಬೇಳೆ ಕುದಿದ ವಾಸನೆ ಬರುತ್ತಿತ್ತು, ಒಗ್ಗರಣೆಯ ವಾಸನೆ ಇರಲಿಲ್ಲ.

ನಿಂಬೆವ್ವ ಹೊಸ್ತಿಲಲ್ಲಿ ಕುಳಿತು ಸಾಹೇಬರನ್ನು ದಿಟ್ಟಿಸಿದಳು.

"ನೀವು ಇಂವಗ ದೊಡ್ಡವ್ರೇನ್ರಿ?"

"ಹೌದವ್ವ."

"ಹಂಗಾರ ಒಂದು ಮಾತು ಖರೇ ಹೇಳ್ರಿ. ಏನಾತವ್ವ ಅಂತ ಈ ಹುಡುಗ ನನ್ನ ಕೇಳಿದ. ಇಂವ ಸರಕಾರದಾಂವ ಹೌದೋ, ಅಲ್ಲೋ? ಗಾಡಿ ಜೋಡಿ ಸುಮ್ಮನ ಬಂದಾಂವ ಕೇಳಿದ್ರ ನಮ್ಮಮ್ಮ ಒಪ್ಪೂದಿಲ್ಲ."

ನಾನು ತಲೆ ತಗ್ಗಿಸಿದೆ. ಹಂಗಾಮಿ ಎಂದರೆ ಅರ್ಧ ಸರಕಾರ. ಅರ್ಧ ಸರಕಾರ ಕೇಳಿದರೆ ಆ ಮನೆಯ ಸಾಸಿವೆಗೆ ಸಾಕೇ? ಮಲ್ಲೇಶಪ್ಪನವರಿಗೇ ಸಾಕಾಗಿರಲಿಲ್ಲ. ಹುಸೇನ ಕಾಕಾ ನನ್ನ ಕಡೆ ನೋಡಿದರು, ಆಮೇಲೆ ಸಾಹೇಬರ ಕಡೆ ನೋಡಿ, "ಹುಡುಗನ ಲಗ್ನನೂ ಇದರ ಮ್ಯಾಲ ನಿಂತೈತ್ರಿ ಸಾಹೇಬ್ರ" ಎಂದುಬಿಟ್ಟರು. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸಾಹೇಬರು ನನ್ನ ಕಡೆ ನೋಡಲಿಲ್ಲ. ನಿಂಬೆವ್ವನಿಗೇ ಹೇಳಿದರು.

"ಇಂವ ಸರಕಾರದಾಂವ ಹೌದವ್ವ. ಖರೇ ಸರಕಾರದಾಂವ. ಕಾಯಂ." ಆಮೇಲೆ ಕಾಗದವನ್ನು ನನ್ನ ಮುಂದೆ ಇಟ್ಟರು. "ನಾಳೆ ಯಾವಗಲ್ಲಿನಾಗ ಜೂನ್ ಎರಡರ ಕೆಳಗ ನರಗುಂದದ್ದೂ ಓದು. ಹ್ಯಾಂಗ ಹೇಳಬೇಕು ಅನ್ನೂದು ನಿನಗ ಬಿಟ್ಟದ್ದು."

ನನ್ನ ಎದೆಯ ಮೇಲಿದ್ದ ಕಲ್ಲು ಇಳಿದು ಹೋಯಿತು. ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ನಿಂಬೆವ್ವ ಒಳಗೆ ತಿರುಗಿ ಸೊಸೆಯನ್ನು ಕರೆದಳು. "ಕೇಳಿದೇನಬೇ? ಒಗ್ಗರಣಿ ಹಾಕು."

ಒಳಗೆ ರೊಟ್ಟಿಯ ಸದ್ದು ನಿಂತಿತು. "ಖರೇನ್ರಿ ಅತ್ತಿ? ಹಾಕ್ಲೇನ್ರಿ?"

"ಹಾಕು. ಸಾಸಿವಿ ಸ್ವಲ್ಪ ಹೆಚ್ಚಿಗಿನ ಹಾಕು."

ಬೋಗಾಣಿ ಒಲೆಗೆ ಏರಿದ ಸದ್ದಾಯಿತು. ಎಣ್ಣೆ ಕಾಯುವಷ್ಟು ಹೊತ್ತು ನಿಂಬೆವ್ವ ಹೊಸ್ತಿಲಿನ ಮೇಲೆ ಕೈಯೂರಿ, ಕಣ್ಣು ಮುಚ್ಚಿ ಕುಳಿತಿದ್ದಳು. ಆಮೇಲೆ ಚಟಚಟ ಎಂದು ಸಾಸಿವೆ ಸಿಡಿಯಿತು. ಅವಳು ಒಮ್ಮೆ ಬೆಚ್ಚಿದಳು, ಕಣ್ಣು ತೆರೆದಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ಉಣ್ರಿ, ಆರತೈತಿ" ಎಂದು ಸಾಹೇಬರ ತಾಟನ್ನು ತಾನೇ ಮುಂದಕ್ಕೆ ಸರಿಸಿದಳು.